ಎಕ್ಸರೇಯಲ್ಲಿ ಮೂಡಿದ ಲಿಂಗ

ನಮ್ಮ ಮಾವನವರು ಒಂದು ನಿಮಿಷ ಸುಮ್ಮನೆ ಕೂತವರಲ್ಲ. ಸಾಂಗ್ಲಿಯ ಅರಿಷಿಣದ ಅಂಗಡಿಯಲ್ಲಿ ಗಾದಿ ಮೇಲೆ ಕೂತಾಗಲೂ ಕಾಲು ಕುಣಿಸುವರು, ಊಟದ ನಡುವೆ ಮೂರು ಸಲ ಏಳುವರು. ಇನ್ನೂ ಸಂಸ್ಥಾನದ ಕಾಲ ಅದು. ಅವರಿಗೆ ಕೆಮ್ಮು ಹತ್ತಿ ಎರಡು ತಿಂಗಳಾದರೂ ಬಿಡಲಿಲ್ಲ. ಕೆಮ್ಮುತ್ತಲೇ ನನ್ನ ಮೂರು ತಿಂಗಳ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಆಡಿಸುವರು. ಕ್ಷಯವಾಗಿದ್ದರೆ? ಸೊಸೆಯಾದವಳು ಬಾಯಿ ಬಿಡುವ ಹಾಗಿರಲಿಲ್ಲ.

ಕೊನೆಗೆ ಅತ್ತೆಯೇ ಅವರನ್ನು ಮಿರಜದ ದವಾಖಾನೆಗೆ ಎಳೆದೊಯ್ದರು. ಮರಾಠಿ ಓದಲು ಬರುತ್ತದೆಂದು ನಾನೂ ಜೊತೆಗೆ ಹೋದೆ. ಎದೆಯ ಎಕ್ಸರೇ ತೆಗೆಯಬೇಕು, ಮೈಮೇಲಿನ ಬೆಳ್ಳಿ ಬಂಗಾರ ಬಿಚ್ಚಿಡಿ ಎಂದರು ಡಾಕ್ಟರು. ಮಾವನವರ ಎದೆ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು.

"ಜೀವ ಹೋದ್ರೂ ಲಿಂಗ ಮೈ ಬಿಡಂಗಿಲ್ಲ" ಎಂದುಬಿಟ್ಟರು.

ಹಾಗೇ ನಿಲ್ಲಿಸಿದರು. ನಿಂತರೇನು, ಯಂತ್ರ ಹೇಗಿದೆ ಎಂದು ಹೊರಳಿ ಹೊರಳಿ ನೋಡುವರು. ಅತ್ತೆ ಬಾಗಿಲಿನಿಂದಲೇ ಗದರಿದರು: "ಉಸಿರು ಹಿಡೀರಿ! ಅಳ್ಳಾಡಬ್ಯಾಡ್ರಿ!"

ಎಕ್ಸರೇ ಬಂತು. ಪಕ್ಕೆಲುಬುಗಳ ನಡುವೆ ಬೆಳ್ಳಗೆ, ದುಂಡಗೆ, ನಿಂಬೆಹಣ್ಣಿನಷ್ಟು ಗಾತ್ರದ್ದು. ಇದರ ಹಿಂದೆ ಏನಿದೆಯೋ ಕಾಣುತ್ತಿಲ್ಲ, ಈ ಕರಡಿಗೆ ತೆಗೆದಿಟ್ಟು ಮತ್ತೆ ಬನ್ನಿ ಎಂದರು ಡಾಕ್ಟರು. ಆ ಮಾತು ಮಾವನವರ ಕಿವಿಗೆ ಬಿದ್ದರೆ ತಾನೆ!

"ನೋಡಿದಿ? ನನ್ನ ಎದಿಯೊಳಗೂ ಶಿವಾನ ಅದಾನ!"

ಕಾಡಿ ಬೇಡಿ ಎಕ್ಸರೇಯನ್ನು ತಂದು ಅಂಗಡಿಯ ಕಿಟಕಿಗೆ ಕಟ್ಟಿದರು. ಅರಿಷಿಣ ಕೊಳ್ಳಲು ಬಂದವರು ಮೊದಲು ಅದಕ್ಕೆ ಕೈಮುಗಿಯತೊಡಗಿದರು. ಒಬ್ಬ ಪುಣ್ಯಾತ್ಮ ಕಾಯಿ ಕೂಡ ಒಡೆದ. ಎದುರಿನ ಬೆಲ್ಲದ ವ್ಯಾಪಾರಿಗೆ ತಡೆಯಲಾಗಲಿಲ್ಲ. ಒಂದು ಸೀನೂ ಇಲ್ಲದ ಆ ಗಟ್ಟಿ ಆಳು ತಾನೂ ಮಿರಜಕ್ಕೆ ಹೋಗಿ ಎಕ್ಸರೇ ತೆಗೆಸಿಕೊಂಡು ಬಂದ. ಅವನ ಕರಡಿಗೆ ದೊಡ್ಡದು. ಎಕ್ಸರೇಯಲ್ಲಿ ಮೋಸಂಬಿಯಷ್ಟು ಬಂದಿತ್ತು. ಮಾವನವರಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಅಕ್ಕಸಾಲಿಗನಿಗೆ ಅದಕ್ಕಿಂತ ದೊಡ್ಡ ಕರಡಿಗೆ ಮಾಡಲು ಹೇಳಿದರು. ಕೆಮ್ಮು ಇದ್ದಲ್ಲೇ ಇತ್ತು. ಕೂಸು ಅವರ ತೊಡೆ ಮೇಲೇ ಇತ್ತು.

ಹೊಸ ಕರಡಿಗೆ ಬಂದ ದಿನ ನನಗೆ ತಲೆಕೆಟ್ಟಿತು. ಕೂಸನ್ನು ಕಿತ್ತುಕೊಂಡೆ.

"ಮಾವಾರ, ಅದರ ಹಿಂದ ಏನೈತಿ ಅಂತ ಗೊತ್ತಾಗೂತನಕ ಕೂಸಿನ್ನ ಕೊಡಂಗಿಲ್ರಿ!"

ನನ್ನನ್ನು ತವರಿಗೆ ಅಟ್ಟುತ್ತಾರೆಂದೇ ತಿಳಿದೆ. ಅತ್ತೆ ನನ್ನ ಕಡೆ ನೋಡದೆ ಗಂಡನಿಗೆ ಹೇಳಿದರು: "ದಿನಾ ಪೂಜಾಕ್ಕ ಕರಡಗಿಯಿಂದ ತಗದು ಎಡಗೈಯಾಗ ಹಿಡೀತೀರಲ್ಲ? ಹಂಗ ಹಿಡಕೊಂಡು ನಿಂದರ್ರಿ. ಮೈ ಬಿಟ್ಟಂಗ ಆತೇನು?"

ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ! ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೈ ಪಕ್ಕಕ್ಕೆ ಚಾಚಿ ಮಾವನವರು ಮತ್ತೆ ಯಂತ್ರದ ಮುಂದೆ ನಿಂತರು. ಬಾಗಿಲಲ್ಲಿ ಅತ್ತೆಯ ಅದೇ ಕೂಗು. ಮೊದಲು ಕರಡಿಗೆ ಮುಚ್ಚಿದ್ದ ಜಾಗದಲ್ಲೇ ಕಲೆ ಕಂಡಿತು. ಕ್ಷಯವೇ.

ಮನೆಗೆ ಬಂದ ಮಾವನವರು ಹೊಸ್ತಿಲು ದಾಟಲಿಲ್ಲ. "ಕೂಸಿನ್ನ ದೂರ ಹಿಡಿ, ತಂಗಿ" ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಆಗ ಆ ರೋಗಕ್ಕಿದ್ದ ಔಷಧವೆಂದರೆ ಗಾಳಿ, ಹಾಲು ಮತ್ತು ಅಲುಗಾಡದೆ ಮಲಗುವುದು. ಮಾವನವರಿಗೆ ಅಲುಗಾಡಬೇಡಿ ಎಂದರೆ ಹೇಗೆ! ಮಿರಜದ ದವಾಖಾನೆಯ ಪಡಸಾಲೆಯಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಅರಿಷಿಣದ ಧಾರಣೆ ವಿಚಾರಿಸುತ್ತಿದ್ದರಂತೆ. ಒಂದೂವರೆ ವರ್ಷಕ್ಕೆ ಹೋಗಿಬಿಟ್ಟರು. ನನ್ನ ಕೂಸಿಗೆ ಏನೂ ಆಗಲಿಲ್ಲ.

ನಮ್ಮ ಪದ್ಧತಿಯಂತೆ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ತಲೆ ಮಾತ್ರ ಪಕ್ಕಕ್ಕೆ ಜಾರುತ್ತಲೇ ಇತ್ತು. ಅತ್ತೆ ಹತ್ತಿರ ಹೋಗಿ, ಎರಡೂ ಕೈಯಿಂದ ಅದನ್ನು ನೆಟ್ಟಗೆ ಹಿಡಿದರು.

"ಉಸಿರು ಹಿಡೀರಿ" ಎಂದರು ಮೆಲ್ಲಗೆ. "ಅಳ್ಳಾಡಬ್ಯಾಡ್ರಿ."

ಮಾವನವರು ಅಂದು ಹೆಂಡತಿಯ ಮಾತು ಕೇಳಿದರು.