ಉಪಕಾರ ಯಾರಿಗೆ ಹೇಳಬೇಕು

ಬೀದರ್ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ಎಂಥ ಚಳಿಯೆಂದರೆ, ಕಿಟಕಿ ಪಕ್ಕದ ಸೀಟು ಖಾಲಿಯಿದ್ದರೂ ಯಾರೂ ಕೂರಲು ತಯಾರಿರಲಿಲ್ಲ. ನಾನೇ ಕೂತೆ. ನಮ್ಮ ಮನೆಯವರು ಮಫ್ಲರ್ ಸುತ್ತಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಅವರ ಹೃದಯದ ಆಪರೇಷನ್ ಆಗಿ ಮೂರೇ ತಿಂಗಳು. ಬರಬೇಡಿ ಎಂದರೂ ಕೇಳದೆ ಬಂದು, ಬುತ್ತಿಯ ಚೀಲ ನನ್ನ ಕೈಗೆ ಕೊಟ್ಟು, ಗಾಡಿ ಬಿಡುವ ತನಕ ನಿಂತರು.

ನಾನು ಹೊರಟದ್ದು ಔರಾದಿಗೆ, ಸುಗಂಧಾಳನ್ನು ನೋಡಲು. ನಾವಿಬ್ಬರೂ ಒಂದೇ ಪಂಥದಲ್ಲಿ ಹುಟ್ಟಿ ಬೆಳೆದವರು. ಅದರ ಹೆಸರು ಇಲ್ಲಿ ಬೇಡ. ಪಂಥ ಚಿಕ್ಕದು, ಕಟ್ಟುನಿಟ್ಟು ಮಾತ್ರ ದೊಡ್ಡದು. ಹಬ್ಬವಿಲ್ಲ, ಹೂವಿಲ್ಲ, ಬೇರೆ ದೇವರ ಪ್ರಸಾದವಿಲ್ಲ. ಪ್ರತಿ ವಾರ ಎಲ್ಲರೆದುರು ಎದ್ದು ನಿಂತು "ನಾನು ನಂಬುತ್ತೇನೆ" ಎಂದು ಗಟ್ಟಿಯಾಗಿ ಹೇಳಬೇಕು. ದನಿ ಸ್ವಲ್ಪ ತಗ್ಗಿದರೂ ಹಿರಿಯರು ಮನೆಗೇ ಬಂದು ವಿಚಾರಿಸುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು ನಿಯಮ. ಮನುಷ್ಯರಿಗೆ "ಉಪಕಾರ ಆಯ್ತು" ಎಂದು ಹೇಳಬಾರದು. ಯಾರು ಏನು ಕೊಟ್ಟರೂ ಅದು ದೇವರು ಕೊಟ್ಟದ್ದು. ಕೊಟ್ಟವರ ಮುಖ ನೋಡದೆ ತಲೆಯೆತ್ತಿ ಮೇಲೆ ನೋಡಬೇಕು.

ಪಂಥದ ಹೊರಗಿನವರನ್ನು ಮದುವೆಯಾಗಿ ನಾನು ಹೊರಬಿದ್ದೆ. ಮುಂದೆ ಸುಗಂಧಾಳೂ ಹಾಗೇ ಹೊರಬಿದ್ದಳು. ಬಿಟ್ಟುಹೋದವರಿಗೆ ಅವರಿಟ್ಟ ಹೆಸರು "ಆರಿದವರು". ಮೊದಲ ವರ್ಷದಲ್ಲೇ ನಂಬಿಕೆ ಹೋಯಿತು, ಕತ್ತೆತ್ತುವ ಚಾಳಿ ಮಾತ್ರ ಹೋಗಲಿಲ್ಲ. ಮನೆಯವರ ಜೊತೆ ಗುಡಿಗೂ ಹೋದೆ, ದರ್ಗಾಕ್ಕೂ ಹೋದೆ. ಕೈ ಮುಗಿಯುತ್ತಿತ್ತು, ಒಳಗೆ ಮಾತ್ರ ಕಟ್ಟಾದ ಫೋನನ್ನು ಕಿವಿಗೆ ಹಿಡಿದು ನಿಂತಂತೆ. ಹಾಗೇ ಬದುಕು ಸಾಗಿತ್ತು, ಕೊರತೆಯೇನೂ ಇರಲಿಲ್ಲ.

ಆಪರೇಷನ್ ದಿನ ಡಾಕ್ಟರು ಹೊರಗೆ ಬಂದು "ಎಲ್ಲಾ ಸರಿ ಆಯ್ತಮ್ಮ" ಎಂದರು. ನಾನು ಥಟ್ಟನೆ ಮೇಲೆ ನೋಡಿದೆ. ಅವರೂ ಗಾಬರಿಯಾಗಿ ಮೇಲೆ ನೋಡಿದರು. ಅಲ್ಲಿದ್ದದ್ದು ಒಂದು ಟ್ಯೂಬ್‌ಲೈಟ್. ಅವತ್ತಿನಿಂದ ಎದೆ ತುಂಬ ಕೃತಜ್ಞತೆ, ಕಳಿಸಲು ವಿಳಾಸವಿಲ್ಲ. ಯಾರಿಗೆ ಹೇಳಲಿ ಎಂದು ನಿಜವಾಗಿ ಒದ್ದಾಡಿದೆ. ಅದೇ ಹೊತ್ತಿಗೆ ಸುಗಂಧಾ ಫೋನ್ ಮಾಡಿ, ತಾನು ಗಂಡನ ಮನೆಯವರ ಜೊತೆ ಬುದ್ಧ ವಿಹಾರಕ್ಕೆ ಹೋಗುತ್ತಿದ್ದೇನೆ, ಮನಸ್ಸಿಗೆ ಹಿಡಿಸಿದೆ ಎಂದಳು. ನಮ್ಮಂಥವರು ಮತ್ತೆ ನಂಬುವುದುಂಟೇ? ಕಣ್ಣಾರೆ ನೋಡಬೇಕೆನಿಸಿತು. ಅವಳಿಗೆ ಸಾಧ್ಯವಾಗಿದ್ದರೆ ನನಗೂ ಆದೀತು ಎಂಬ ಆಸೆ.

ಹಲಬರ್ಗಾ ದಾಟುವಾಗ ಗೇಟಿನ ಆಚೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಭಾಲ್ಕಿಯಲ್ಲಿ ಇಳಿದು ಸೀದಾ ಮಾಣಿಕಪ್ಪಣ್ಣನ ಅಂಗಡಿಗೆ ಹೋದೆ. ಅವನು ನಮಗಿಂತ ಮೊದಲೇ ಪಂಥ ಬಿಟ್ಟವನು, ಮಿಕ್ಸರು, ಮೋಟಾರು ರಿಪೇರಿ ಮಾಡುತ್ತಾನೆ. ಅವನನ್ನು ಕಾಣಲೆಂದೇ ಭಾಲ್ಕಿಯ ಸುತ್ತುದಾರಿ ಹಿಡಿದಿದ್ದೆ. ನಾನು ಬರುವುದು ಗೊತ್ತಿದ್ದು ಬಿಸಿಬಿಸಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತರಿಸಿಟ್ಟಿದ್ದ. ಸುಗಂಧಾಳ ಸುದ್ದಿ ಹೇಳಿದ್ದೇ ನಕ್ಕುಬಿಟ್ಟ.

"ನಾಟಕ ಮಾಡ್ಲತಾಳ ತಂಗಿ. ಸುಟ್ಟ ಮೋಟಾರ್ ತಿರುಗ್ತದೇನು?"

"ವೈಂಡಿಂಗ್ ಮಾಡಿದ್ರ ತಿರುಗ್ತದಲ್ಲೋ ಅಣ್ಣಾ?"

"ತಿರುಗ್ತದ. ಆದ್ರ ಅವಾಜ ಬ್ಯಾರೆ ಇರ್ತದ," ಎಂದ. ಕೈ ಒರೆಸಿಕೊಂಡು ಶಟರ್ ಎಳೆದ. "ನಡಿ, ನಾನೂ ಬರ್ತೇನಿ. ಆ ಅವಾಜ ಕೇಳೇ ಬಿಡಮು."

ಔರಾದ್ ಬಸ್ಸಿನಲ್ಲಿ ನನಗೆ ಪುಕ್ಕಟೆ ಟಿಕೆಟ್ಟು, ಮಾಣಿಕಪ್ಪಣ್ಣ ದುಡ್ಡು ಕೊಟ್ಟ. ಕಂಡಕ್ಟರು ಟಿಕೆಟ್ಟು ಕೈಗಿಟ್ಟ ಕೂಡಲೇ ನಾವಿಬ್ಬರೂ ಒಟ್ಟಿಗೇ ಬಸ್ಸಿನ ಛಾವಣಿ ನೋಡಿದೆವು. "ಯಾಕ್ರೀ, ಮ್ಯಾಲ ಸೋರ್ಲತದೇನು?" ಎಂದು ಅವರೂ ಮೇಲೆ ನೋಡಿದರು. ಮಾಂಜ್ರಾ ಸೇತುವೆ ಬರುವವರೆಗೂ ನಮಗೆ ನಗು ತಡೆಯಲಾಗಲಿಲ್ಲ. ಹೊಳೆಯಲ್ಲಿ ನೀರಿತ್ತು. ಆಚೆ ದಂಡೆಯಿಂದ ರಸ್ತೆಯ ಎರಡೂ ಬದಿ ಕೊಯ್ಲಿಗೆ ಬಂದ ತೊಗರಿ.

ಮಧ್ಯಾಹ್ನ ಔರಾದ್ ಮುಟ್ಟಿದೆವು. ಸುಗಂಧಾ ಬಸ್ ಸ್ಟ್ಯಾಂಡಿಗೇ ಬಂದಿದ್ದಳು, ಮೊದಲಿಗಿಂತ ದಪ್ಪಗಾಗಿದ್ದಳು. ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಬಡಿಸಿದವರು ಅವಳ ಅತ್ತೆ. ಊರೆಲ್ಲ ಅವರನ್ನು ಆಯಿ ಎನ್ನುತ್ತದೆ. ನಾವು ಯಾರು, ಏನು ಬಿಟ್ಟು ಬಂದವರು, ಒಂದನ್ನೂ ಅವರು ವಿಚಾರಿಸಲಿಲ್ಲ. ಮೂರನೇ ರೊಟ್ಟಿ ಬೇಡವೆಂದದ್ದಕ್ಕೆ ಮಾತ್ರ ಸಿಟ್ಟಾದರು.

ಅವತ್ತು ಹುಣ್ಣಿಮೆ. ಸಂಜೆ ಎಲ್ಲರೂ ವಿಹಾರಕ್ಕೆ ಹೋದೆವು. ಒಂದು ಸಾದಾ ಕೋಣೆ, ಬುದ್ಧನ ಮೂರ್ತಿ, ಮೇಣಬತ್ತಿ, ನೆಲಕ್ಕೆ ಜಮಖಾನೆ. ಮಾಣಿಕಪ್ಪಣ್ಣ ಬಾಗಿಲ ಬಳಿ ಕೈಕಟ್ಟಿ ಕೂತ. ವಂದನೆಯ ಪಠಣ ಶುರುವಾಯಿತು. ನಾನು ಸುಗಂಧಾಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳು ಕೆಲವು ಸಾಲು ಹೇಳಿದಳು, ಕೆಲವು ಮರೆತಳು, ನಡುವೆ ಪಾದ ಕೆರೆದುಕೊಂಡಳು, ಮತ್ತೆ ಕಣ್ಣು ಮುಚ್ಚಿದಳು. ನಾಟಕ ಮಾಡುವವರು ಪಾದ ಕೆರೆದುಕೊಳ್ಳುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಂದದ್ದೇ ಕೇಳಿದೆ. "ಖರೆ ಹೇಳು ಸುಗಂಧಾ. ನೀ ನಂಬ್ತಿಯೇನು?"

"ನನಗ ಗೊತ್ತಿಲ್ಲ ಅಕ್ಕಾ," ಎಂದಳು. "ಆದ್ರ ಇಲ್ಲಿ ಯಾರೂ ಕೇಳೂದಿಲ್ಲ. ಅಲ್ಲಿ ವಾರಕ್ಕೊಮ್ಮಿ ಕೇಳ್ತಿದ್ರು, ನೆನಪದ? ಹೇಳಿ ಹೇಳಿ ಒಳಗ ಬರಡಾಗಿತ್ತು. ಇಲ್ಲಿ ಸುಮ್ಮ ಕೂಡ್ತೇನಿ. ಯಾರೂ ಕೇಳಲಾರದಕ್ಕ ಏನೋ ಒಂದು ಚಿಗುರ್ಲತದ. ಏನಂತ ನಾನೂ ಕಿತ್ತಿ ನೋಡಿಲ್ಲ."

ಮಾಣಿಕಪ್ಪಣ್ಣ ಏನೋ ಚೇಷ್ಟೆ ಮಾಡುತ್ತಾನೆಂದುಕೊಂಡೆ. ಅವನು ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ.

ಮನೆಗೆ ಬಂದು ಕೂತಾಗ ಆಯಿ ನನ್ನ ಪಕ್ಕಕ್ಕೆ ಸರಿದು ಕೂತರು. "ನಿನ್ನ ಗಂಡ ಈಗ ಆರಾಮ ಅದಾನಲ್ಲ?" ಎಂದರು.

"ಹೂಂ ರಿ. ನಿಮಗ ಹ್ಯಾಂಗ ಗೊತ್ತು?"

"ದವಾಖಾನಿಗಿ ಹಾಕಿದ ದಿನಾನೇ ಸುಗಂಧಾ ಹೇಳಿದಳು. ಅವತ್ತಿಂದ ದಿನಾ ಮುಂಜಾನಿ ಹೆಸರು ತೊಗೊಂಡು, ಆರಾಮ ಇರ್ಲಿ ಅಂತೇನಿ. ಇವತ್ತೂ ಅಂದೀನಿ."

ಮೂರು ತಿಂಗಳು. ನನ್ನ ಗಂಡನ ಮುಖವನ್ನೇ ನೋಡದ ಮುದುಕಿ, ನನ್ನ ಹೆಸರನ್ನೂ ಸರಿಯಾಗಿ ಅರಿಯದ ಮುದುಕಿ. ಎದೆಯಲ್ಲಿದ್ದದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು, ಕತ್ತು ತಾನಾಗಿ ಮೇಲಕ್ಕೆದ್ದಿತು. ಆಯಿ ನನ್ನ ಗಲ್ಲ ಹಿಡಿದು ಕೆಳಕ್ಕೆ ಎಳೆದರು.

"ಮ್ಯಾಲ ಏನ್ ನೋಡ್ತಿ? ನಾ ಇಲ್ಲಿ ಕುಂತೀನಿ."

ಅವರ ಮುಖ ನೋಡಿದೆ. ಹಲ್ಲಿಲ್ಲದ ಬಾಯಿ, ಒಂದು ಕಣ್ಣಿಗೆ ಪೊರೆ. "ಭಾಳ ಉಪಕಾರ ಆತ್ರಿ ಆಯಿ," ಎಂದೆ. ಮನುಷ್ಯರೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಆ ಮಾತು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಅಳು ಬಂತು, ಅತ್ತುಬಿಟ್ಟೆ. ಆಯಿ ಸೆರಗಿನಿಂದ ನನ್ನ ಮೂಗೊರೆಸಿ, ಹಾಲಿಗೆ ಹೆಪ್ಪು ಹಾಕಲು ಎದ್ದುಹೋದರು.

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಆಯಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಮಾಣಿಕಪ್ಪಣ್ಣನ ಭಾಲ್ಕಿ ಬಸ್ಸು ಮೊದಲು ಬಂತು. ಮೆಟ್ಟಿಲು ಹತ್ತಿದವನು ತಿರುಗಿ ಹೇಳಿದ, "ನಾ ಏನೂ ನಂಬೂದಿಲ್ಲ ತಂಗಿ, ತಿಳೀತಲ್ಲ? ಆದ್ರ ಮುದುಕಿಗಿ ನನ್ನ ಹೆಸರು ಹೇಳಿ ಬಂದೀನಿ." ಬಸ್ಸು ಹೊರಟಿತು. ನಾನು ಸಂತಪುರದ ಮೇಲೆ ಹೋಗುವ ಬೀದರ್ ಬಸ್ಸು ಹಿಡಿದೆ. ಕಿಟಕಿಯಿಂದ ಹೊರಳಿ ನೋಡಿದಾಗ ಸುಗಂಧಾ ಮಂಜಿನಲ್ಲಿ ಇನ್ನೂ ಕೈ ಬೀಸುತ್ತಿದ್ದಳು.

ಬೀದರಿನಲ್ಲಿ ಮನೆಯವರು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹತ್ತಿ ಕೂತ ಮೇಲೆ ಮೆಲ್ಲಗೆ ಕೇಳಿದರು, "ಏನಾಯ್ತು? ನಂಬಿಕಿ ಬಂತೇನು?"

"ಅದೊಂದು ಕೇಳಬ್ಯಾಡ್ರಿ," ಎಂದೆ.

ಅವರು ನನ್ನ ಮುಖ ನೋಡಿ, "ಆಯ್ತು" ಎಂದು ಔರಾದಿನ ಚಳಿ ವಿಚಾರಿಸಿದರು.

ಈಗ ದಿನಾ ಬೆಳಿಗ್ಗೆ ಅವರಿಗೆ ಗುಳಿಗೆ ಕೊಡುವಾಗ ಅವರ ಹೆಸರು ಹಿಡಿದು ಬಾಯೊಳಗೇ ಏನೋ ಅಂದುಕೊಳ್ಳುತ್ತೇನೆ. ಅಷ್ಟು ಹತ್ತಿರ ಕೂತವರಿಗೆ ಅದು ಕೇಳಿಸದೆ ಇರುವುದಿಲ್ಲ. ಏನದು ಎಂದು ಮಾತ್ರ ಅವರು ಇವತ್ತಿನವರೆಗೂ ಕೇಳಿಲ್ಲ.