ಕಿವಿಯ ಮುಂದಿನ ನಾಡಿ

1988ರ ಮಳೆಗಾಲ. ನಾನು ನಾಸಿಕದ ಆಸ್ಪತ್ರೆಯೊಂದರಲ್ಲಿ ಕಿರಿಯ ಸರ್ಜನ್ ಆಗಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ‘ತಿಳಿಯದು’ ಎನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಸಿನ್ನರ್ ರಸ್ತೆಯಲ್ಲಿ ಟೆಂಪೊ ಮಗುಚಿ ಎಡದವಡೆ ಜಜ್ಜಿಹೋಗಿದ್ದ ಗಣಪಯ್ಯನವರನ್ನು ಕರೆತಂದರು. ಕುಂದಾಪುರದಿಂದ ಬಂದು ನಾಸಿಕದಲ್ಲಿ ನೆಲೆಸಿದ್ದ ಹೆಬ್ಬಾರರ ಹೋಟೆಲಿನಲ್ಲಿ ಅವರು ದೋಸೆ ಹುಯ್ಯುತ್ತಿದ್ದರು. ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಹಾಕಿದೆವು. ಬಾಯಿಗೆ ಎಷ್ಟು ಗಾಜ್ ಬಟ್ಟೆ ತುರುಕಿದರೂ ರಕ್ತ ನಿಲ್ಲಲಿಲ್ಲ. ಹಿರಿಯ ಸರ್ಜನ್ ಪರೀಕ್ಷೆಯ ಕೆಲಸಕ್ಕಾಗಿ ಔರಂಗಾಬಾದಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ, ಹೋಗಿದ್ದರು. ರೋಗಿಯನ್ನು ಅಲ್ಲಿಗೆ ಕಳುಹಿಸಿದ್ದರೆ ದಾರಿಯಲ್ಲೇ ಪ್ರಾಣ ಹೋಗುತ್ತಿತ್ತು.

“ಕುತ್ತಿಗ್ಯಾಗಿನ ರಕ್ತನಾಳ ಕಟ್ಟಬೇಕ್ರಿ,” ಎಂದು ಜೊತೆಗೆ ಬಂದಿದ್ದ ಹೆಬ್ಬಾರರಿಗೆ ಹೇಳಿದೆ. “ತಪ್ಪು ನಾಳ ಕಟ್ಟಿದ್ರ ಬಲಗೈ, ಬಲಗಾಲು ಬಿದ್ದು ಹೋಗಬಹುದು.”

“ಕೈ ಹೋದ್ರೆ ಅವ ಬದುಕಿ ನನ್ನನ್ನೇ ಬೈತ ಡಾಕ್ಟ್ರೇ. ಕಾವಲಿ ಹತ್ರ ನನ್ನನ್ನೂ ನಿಲ್ಲೂಕೆ ಬಿಡುದಿಲ್ಲ ಅವ.”

ಕುತ್ತಿಗೆಯ ಕ್ಯಾರೋಟಿಡ್ ಎಂಬ ದೊಡ್ಡ ರಕ್ತನಾಳ ಮೇಲೆ ಎರಡಾಗಿ ಕವಲೊಡೆಯುತ್ತದೆ. ಹೊರಗಿನದು ಮುಖಕ್ಕೆ ಕೊಂಬೆಗಳನ್ನು ಕೊಡುತ್ತದೆ, ಅದನ್ನು ಕಟ್ಟಬಹುದು. ಒಳಗಿನದು ಕುತ್ತಿಗೆಯಲ್ಲಿ ಕೊಂಬೆಯಿಲ್ಲದೆ ನೇರವಾಗಿ ಮಿದುಳಿಗೆ, ಎಡಗಡೆಯದಾದರೆ ಬಲಗೈ ಬಲಗಾಲು ಆಡಿಸುವ ಭಾಗಕ್ಕೆ, ಹೋಗುತ್ತದೆ, ಅದನ್ನು ಕಟ್ಟಬಾರದು. ಆದರೆ ಥಿಯೇಟರಿನಲ್ಲಿ ಕುತ್ತಿಗೆ ಕೊಯ್ದು ನೋಡಿದಾಗ ಹೆಪ್ಪುಗಟ್ಟಿದ ರಕ್ತ ಎರಡನ್ನೂ ಸ್ಥಳದಿಂದ ಸರಿಸಿತ್ತು. ಕೈಗೆ ಸಿಕ್ಕ ನಾಳದ ಸುತ್ತ ದಾರ ತೂರಿಸಿದೆ. ಕೊಂಬೆ ಕಾಣಲಿಲ್ಲ.

“ಲವಕರ್ ಬಾಂಧಾ, ಡಾಕ್ಟರ್! ಬಿ.ಪಿ. ಎಪ್ಪತ್ತು,” ಎಂದು ಅರಿವಳಿಕೆ ತಜ್ಞೆ ಅವಸರಪಡಿಸಿದರು. ಬೇಗ ಕಟ್ಟಿ ಎಂದರ್ಥ. ಅವರು ನನಗಿಂತ ಬಹಳ ಹಿರಿಯರು. ದಾರದ ತುದಿಗಳು ನನ್ನ ಬೆರಳಲ್ಲಿದ್ದವು.

“ಮೇಡಂ, ನನಗೆ ಖಾತ್ರಿಯಿಲ್ಲ. ಎಡಗಿವಿಯ ಮುಂದೆ ಬೆರಳಿಟ್ಟು ನಾಡಿ ನೋಡಿ,” ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಅಲ್ಲಿ ಮಿಡಿಯುವುದು ಹೊರಗಿನ ನಾಳದ ಕೊನೆಯ ಕೊಂಬೆ; ಹೊರಗಿನದನ್ನು ಬಿಗಿದರೆ ಆ ನಾಡಿ ನಿಲ್ಲಬೇಕು.

ದಾರವನ್ನು ಮೆಲ್ಲನೆ ಎಳೆದು ಹಿಡಿದೆ.

“ನಾಡಿ ಇದೆ,” ಎಂದರು. ನಾನು ಹಿಡಿದಿದ್ದುದು ಮಿದುಳಿನ ನಾಳ.

ದಾರ ಬಿಡಿಸಿದೆ. ಹೆಪ್ಪನ್ನು ಸರಿಸಿ ಹುಡುಕಿದಾಗ ಪಕ್ಕದಲ್ಲೇ ಇನ್ನೊಂದು ನಾಳ ಸಿಕ್ಕಿತು. ಅದಕ್ಕೆ ಎರಡು ಕೊಂಬೆಗಳಿದ್ದವು. ಎಳೆದು ಹಿಡಿದೆ.

“ಗೇಲಿ,” ಎಂದರು ಅವರು, ಮರಾಠಿಯಲ್ಲಿ ‘ಹೋಯಿತು’ ಎಂದು. ನಾಡಿ ನಿಂತಿತ್ತು. ಗಂಟು ಹಾಕಿದೆ. ಬಾಯಿಯ ಗಾಜ್ ತೆಗೆದಾಗ ಹೊಸ ರಕ್ತ ಬರಲಿಲ್ಲ.

ಸಂಜೆ ಗಣಪಯ್ಯನವರು ಕಣ್ಣು ತೆರೆದರು. “ಬಲಗೈ ಆಡಿಸ್ರಿ,” ಎಂದೆ. ಕೈ ಅಲುಗಲಿಲ್ಲ.

ಹೆಬ್ಬಾರರು ಬಗ್ಗಿ, “ಎಂತ ಮಾರಾಯಾ, ಕಾವಲಿ ಕಾದಿತ್, ಗಿರಾಕಿ ಕೂತಿದ್ರ್!” ಎಂದರು.

ಆ ಬಲಗೈ ಹೊದಿಕೆಯ ಮೇಲೆ ನಿಧಾನವಾಗಿ, ನಡುವಿನಿಂದ ಅಂಚಿಗೆ, ಒಂದು ದುಂಡನೆಯ ದೋಸೆ ಹುಯ್ದಿತು.

ಮುಂದೆ ನನ್ನ ಕೈಕೆಳಗೆ ಕಲಿತ ವೈದ್ಯರಿಗೆಲ್ಲ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ: ಸಂದೇಹವನ್ನು ಗಂಟು ಹಾಕುವ ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೇಳಿದರೆ ಅದು ಬರಿಯ ಸಮಜಾಯಿಷಿ.