ಗ್ಯಾಲರಿಯ ಕೆಳಗೆ ಟೇಪು ಹಿಡಿದವರು

ಇದನ್ನು ನೀವು ಕಟ್ಟುಕಥೆ ಎಂದುಕೊಂಡೇ ಓದಿ, ನನ್ನ ಅಭ್ಯಂತರವಿಲ್ಲ. ಆದರೆ ನ್ಯೂಯಾರ್ಕಿನ ಆಚೆಗಿರುವ ಮೆಟುಚೆನ್ ಊರಿನ ಹತ್ತಿರದ ಆ ಚರ್ಚಿನಲ್ಲಿ ಅಂದು ಅಳತೆಯ ಟೇಪು ಹಿಡಿದಿದ್ದದ್ದು ನನ್ನ ಕೈ. ಆ ಎಳೆತ ಕೈಗೆ ಇನ್ನೂ ನೆನಪಿದೆ...

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆಯ ಕಾಲ. ನನ್ನ ಗಂಡ, ನಂದಿನಿಯ ಗಂಡ ಇಬ್ಬರೂ ಬೆಳಿಗ್ಗೆ ನ್ಯೂಯಾರ್ಕಿಗೆ ರೈಲು ಹತ್ತಿದರೆ ಮರಳುತ್ತಿದ್ದದ್ದು ರಾತ್ರಿಗೇ. ನಾನೂ ನಂದಿನಿಯೂ ಮೈಸೂರಿನಲ್ಲಿ ಒಟ್ಟಿಗೆ ಆರ್ಕಿಟೆಕ್ಚರ್ ಓದಿದವರು. ಅವಳಿಗೆ ಗ್ರೀನ್ ಕಾರ್ಡ್ ಬಂದಿತ್ತು. ನನ್ನದು ಹೆಚ್-ಫೋರ್ ವೀಸಾ, ಕೆಲಸ ಮಾಡುವ ಹಾಗಿಲ್ಲ.

ಆ ಹಳೆಯ ಚರ್ಚಿನ ನಕ್ಷೆ ಒಂದೂ ಉಳಿದಿಲ್ಲ ಎಂದು ಗೊತ್ತಾದಾಗ, ಅಳೆದು ಬರೆದುಕೊಡುತ್ತೇವೆ ಎಂದವಳು ನಾನು. ಮುಂದೆ ಇಲ್ಲಿ ಕಾಲೇಜು ಸೇರಲು ತೋರಿಸಿಕೊಳ್ಳುವುದಕ್ಕೆ ನನಗೆ ಬೇರೇನೂ ಇರಲಿಲ್ಲ.

ಡಚ್ ರೈತರು ಕಟ್ಟಿದ್ದು. ಕೆಂಪು ಮರಳುಗಲ್ಲಿನ ದಪ್ಪ ಗೋಡೆ, ಪ್ರತಿ ಬೆಂಚಿಗೂ ಪುಟ್ಟ ಬಾಗಿಲು, ಮೂರು ಕಡೆಯೂ ಮೇಲೆ ಉಪ್ಪರಿಗೆಯಂಥ ಮರದ ಗ್ಯಾಲರಿ. ಆ ರೈತರ ಗುಲಾಮರು ಕೂರುತ್ತಿದ್ದದ್ದು ಆ ಗ್ಯಾಲರಿಯಲ್ಲಿ. ಅವರು ಹತ್ತುತ್ತಿದ್ದ ಮೆಟ್ಟಿಲೇ ಬೇರೆ. ಗ್ಯಾಲರಿಯ ಅಡಿಯಲ್ಲಿದ್ದ ಅದರ ಬಾಗಿಲಿಗೆ ಯಾವ ಕಾಲದಲ್ಲೋ ಹಲಗೆ ಹೊಡೆದಿದ್ದರು.

ಚಳಿಗಾಲದ ಸಂಜೆ, ಹೊರಗೆ ಆಗಲೇ ಕಗ್ಗತ್ತಲು. ಗ್ಯಾಲರಿಯ ಎತ್ತರವೊಂದು ಬಾಕಿ ಇತ್ತು. ನಾನು ಹೊಸ ಮೆಟ್ಟಿಲಿನಿಂದ ಮೇಲೆ ಹತ್ತಿ, ಕಟಕಟೆಯಿಂದ ಟೇಪಿನ ತುದಿ ಇಳಿಬಿಟ್ಟೆ.

"ನಂದಿನಿ, ಬಿಗಿಯಾಗಿ ಹಿಡ್ಕೊಳೇ."

ಟೇಪು ಬಿಗಿಯಾಯಿತು. ಅಳತೆ ಬರೆದುಕೊಂಡೆ. ಮೇಣದ ವಾಸನೆ... ಜೊತೆಗೆ ಒದ್ದೆ ಕಂಬಳಿಯಂಥ ಇನ್ನೊಂದು ವಾಸನೆ.

"ಆಯ್ತು, ಬಿಡು."

ಬಿಡಲಿಲ್ಲ. ನಾನು ಎಳೆದೆ. ಕೆಳಗಿನಿಂದಲೂ ಯಾರೋ ಮೆತ್ತಗೆ ಎಳೆದರು...

"ಆಟ ಆಡ್ಬೇಡ್ವೇ!" ಎಂದು ಬಗ್ಗಿ ನೋಡಿದೆ. ಕೆಳಗೆ ಯಾರೂ ಕಾಣಲಿಲ್ಲ. ನೆಟ್ಟಗೆ ಇಳಿಯಬೇಕಾದ ಟೇಪು ಓರೆಯಾಗಿ ಗ್ಯಾಲರಿಯ ಅಡಿಗೆ ಹೋಗಿ ಮರೆಯಾಗಿತ್ತು.

ಟೇಪನ್ನು ಕಟಕಟೆಗೆ ಸಿಕ್ಕಿಸಿ ಕೆಳಗೆ ಓಡಿದೆ. ಅದರ ತುದಿ, ಹಲಗೆ ಹೊಡೆದ ಆ ಬಾಗಿಲಿನ ಸಂದಿಯೊಳಕ್ಕೆ ಹೋಗಿತ್ತು. ಮುಟ್ಟಲು ಧೈರ್ಯ ಬರಲಿಲ್ಲ. ನೋಡುತ್ತಿದ್ದ ಹಾಗೇ ಒಳಗಿನಿಂದ ಯಾರೋ ಕೈಬಿಟ್ಟಂತೆ ಸಡಿಲವಾಯಿತು...

ಚರ್ಚು ನೋಡಿಕೊಳ್ಳುವ ಮುದುಕಿ ರೂತ್ ಕೀಲಿ ಹಿಡಿದು ಹೊರಬಾಗಿಲಲ್ಲಿ ನಿಂತಿದ್ದಳು.

"ನಂದಿನಿ ಎಲ್ಲಿ?" ಎಂದೆ.

"ನೀನು ಮೇಲೆ ಹತ್ತಿದ ಕೂಡಲೇ ಹೋದಳಲ್ಲ. ಬಾಗಿಲು ತೆಗೆದದ್ದೇ ನಾನು. ಡ್ರಾಯಿಂಗುಗಳನ್ನೂ ತಗೊಂಡು ಹೋದಳು."

ಮೇಜಿನ ಮೇಲೆ ನೋಡಿದೆ. ಮೂರು ತಿಂಗಳು ನಾನು ಬರೆದ ಹಾಳೆಗಳು ಒಂದೂ ಇರಲಿಲ್ಲ.

ಆ ರಾತ್ರಿ ನಂದಿನಿಗೆ ಫೋನ್ ಮಾಡಿದಾಗ "ಸೇಫಾಗಿ ಇಟ್ಟಿದ್ದೀನಿ ಕಣೇ ಸುಮಾ" ಎಂದಳು. ಟೇಪಿನ ವಿಷಯ ನಾನು ಅವಳಿಗೆ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಆಮೇಲೆ ಚರ್ಚಿನವರು ಆ ಹಾಳೆಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನನ್ನ ಗೆರೆಗಳು, ನನ್ನ ಅಕ್ಷರ. ಕೆಳಗೆ ಹೆಸರು ಮಾತ್ರ ಅವಳದು. ಅದನ್ನೇ ತೋರಿಸಿ ಅವಳು ನ್ಯೂಯಾರ್ಕಿನಲ್ಲಿ ಕೆಲಸವನ್ನೂ ಹಿಡಿದಿದ್ದಳು.

ಮನೆಗೇ ಹೋಗಿ ಕೇಳಿದೆ. ಕಾಫಿ ಕೊಟ್ಟು, ತಣ್ಣಗೆ ಹೇಳಿದಳು: "ನೀನು ಹೆಚ್-ಫೋರು. ನಿನ್ನ ಹೆಸರು ಹಾಕಿದ್ರೆ ಯಾರಿಗೆ ಉಪಯೋಗ ಹೇಳು?"

ಕಾಫಿ ಮುಟ್ಟದೆ ಎದ್ದೆ. ಬಾಗಿಲ ಬಳಿ ತಡೆಯಲಾಗಲಿಲ್ಲ. "ಅವತ್ತು ಹೇಳ್ದೆ ಕೇಳ್ದೆ ಓಡಿಹೋದ್ಯಲ್ಲ. ಒಂದು ಮಾತು ಹೇಳಕ್ಕೆ ಆಗ್ಲಿಲ್ವಾ?"

ಅವಳು ನಿಜವಾಗಿಯೂ ಗೊಂದಲಗೊಂಡಂತೆ ನನ್ನನ್ನೇ ನೋಡಿದಳು.

"ಕೂಗಿ ಹೇಳಿದ್ನಲ್ಲೇ, ಹೊರಡ್ತೀನಿ ಅಂತ. ನೀನೇ ಮೇಲಿಂದ ಅಂದೆ... 'ಹೋಗು, ಹಿಡ್ಕೊಳ್ಳೋಕೆ ಇಲ್ಲಿ ಬೇರೆಯವರಿದ್ದಾರೆ' ಅಂತ. ಅಚ್ಚ ಕನ್ನಡದಲ್ಲಿ."

ನಾನು ಹಾಗೆ ಹೇಳಿರಲಿಲ್ಲ. ಅವಳು ಕೂಗಿದ್ದೂ ನನಗೆ ಕೇಳಿಸಿರಲಿಲ್ಲ.

ಮತ್ತೆ ಅವಳ ಜೊತೆ ಮಾತಾಡಿಲ್ಲ. ನನ್ನ ಬೆನ್ನಿಗೆ ಚೂರಿ ಹಾಕಿದವಳು ಅವಳು, ಅವಳ ಒಂದು ಮಾತನ್ನೂ ನಾನು ನಂಬುವುದಿಲ್ಲ. ಮೇಲಿಂದ ಬಂತೆಂದ ಆ ಮಾತೂ ಅವಳ ಸುಳ್ಳುಗಳಲ್ಲಿ ಒಂದಾಗಿರಲಿ ಎಂದು ಇವತ್ತಿಗೂ ದೇವರನ್ನು ಬೇಡಿಕೊಳ್ಳುತ್ತೇನೆ...